ಮುಲ್ಲರ್ ವರದಿ ಟ್ರಂಪ್‌ಗೆ ಕ್ಲೀನ್ ಚಿಟ್ ಕೊಟ್ಟಿದ್ದು ನಿಜಾನಾ?

ಪ್ರಶ್ನೆ: ಅಮೆರಿಕದ 2016ರ ಚುನಾವಣೇಲಿ ರಷ್ಯಾ ಕೈಯಾಡಿಸಿದ ವಿಷಯ ಎಷ್ಟು ಓದಿದ್ರೂ ತಲೆಗೆ ಹತ್ತುತ್ತಿಲ್ಲ ಸರ್. ಟ್ರಂಪ್ ಕಡೆಯವರು ಇಡೀ ತನಿಖೆನೇ ಕಟ್ಟುಕಥೆ, ಮುಲ್ಲರ್ ವರದಿ ಅವರಿಗೆ ಕ್ಲೀನ್ ಚಿಟ್ ಕೊಡ್ತು ಅಂತಾರೆ. ವಿರೋಧಿಗಳು ರಷ್ಯಾ ಜೊತೆ ಕೈಜೋಡಿಸಿದ್ದು ಸಾಬೀತಾಗಿತ್ತು, ಆಮೇಲೆ ಮುಚ್ಚಿಹಾಕಿದ್ರು ಅಂತಾರೆ. ಒಂದೇ ವರದಿಯಿಂದ ಇಬ್ಬರಿಗೂ ಬೇಕಾದ್ದು ಹೇಗೆ ಸಿಗುತ್ತೆ? 2025ರಲ್ಲಿ ಇದಕ್ಕೆ ಒಬಾಮ ಹೆಸರು ಯಾಕೆ ಬಂತು? ಈ ವಿಷಯದಲ್ಲಿ ಟ್ರಂಪ್ ಮೇಲೆ ಇನ್ನೂ ಕೇಸ್ ಹಾಕಬಹುದಾ?

ಉತ್ತರ: ಇಬ್ಬರೂ ಹೇಳ್ತಿರೋದು ಅರ್ಧರ್ಧ ನಿಜ. ಅರ್ಧ ಅನ್ನೋದನ್ನ ಸುಮ್ನೆ ಮಾತಿಗೆ ಹೇಳ್ತಿಲ್ಲ, ವರದಿಯ ಒಂದು ವಾಕ್ಯವನ್ನ ಮಧ್ಯಕ್ಕೆ ಕತ್ತರಿಸಿ ಜನರ ಮುಂದಿಟ್ಟಿದ್ದರಿಂದಲೇ ಈ ಜಗಳದ ದೊಡ್ಡ ಪಾಲು ಹುಟ್ಟಿದ್ದು, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಈ ವಿಷಯದ ತನಿಖೆ ನಡೆಸಿದ ವಿಶೇಷ ಪ್ರಾಸಿಕ್ಯೂಟರ್ ರಾಬರ್ಟ್ ಮುಲ್ಲರ್ ತಮ್ಮ ವರದಿಯನ್ನ 2019ರ ಮಾರ್ಚ್ 22ಕ್ಕೆ ನ್ಯಾಯ ಇಲಾಖೆಗೆ ಕೊಟ್ರು. 448 ಪುಟ, ಎರಡು ಸಂಪುಟ. ಎರಡೇ ದಿನಕ್ಕೆ, ಮಾರ್ಚ್ 24ರ ಭಾನುವಾರ, ಆಗ ನ್ಯಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಅಟಾರ್ನಿ ಜನರಲ್ ವಿಲಿಯಂ ಬಾರ್ ಅದರ ಮುಖ್ಯ ತೀರ್ಮಾನಗಳು ಇಷ್ಟು ಅಂತ ಸಂಸತ್ತಿಗೆ ನಾಲ್ಕು ಪುಟದ ಪತ್ರ ಬರೆದ್ರು. ಟ್ರಂಪ್ ಪ್ರಚಾರ ತಂಡದವರು ರಷ್ಯಾ ಸರ್ಕಾರದ ಜೊತೆ ಒಳಸಂಚು ಮಾಡಿದ್ದಾಗಲಿ ಹೊಂದಾಣಿಕೆ ಮಾಡ್ಕೊಂಡಿದ್ದಾಗಲಿ ತನಿಖೆಯಲ್ಲಿ ಸಾಬೀತಾಗಿಲ್ಲ ಅಂತ ವರದಿಯಿಂದಲೇ ತೆಗೆದು ಅದರಲ್ಲಿ ಹಾಕಿದ್ರು. ಅದು ವರದಿಯಲ್ಲಿರೋ ಮಾತೇ, ಸುಳ್ಳಲ್ಲ. ಆದರೆ ಅದು ಒಂದು ಉದ್ದ ವಾಕ್ಯದ ಬಾಲ. ಅದರ ಮೊದಲ ಭಾಗದಲ್ಲಿ ಏನಿದೆ ಅಂದ್ರೆ, ಟ್ರಂಪ್ ಅಧ್ಯಕ್ಷರಾದ್ರೆ ತನಗೆ ಲಾಭ ಅಂತ ರಷ್ಯಾ ಲೆಕ್ಕ ಹಾಕಿ ಅದಕ್ಕಾಗಿ ಕೆಲಸ ಮಾಡ್ತು ಅನ್ನೋದೂ ಸಾಬೀತಾಗಿದೆ, ರಷ್ಯಾ ಕದ್ದು ಹೊರಗೆ ಬಿಟ್ಟ ಮಾಹಿತಿಯಿಂದ ಚುನಾವಣೇಲಿ ತಮಗೆ ಅನುಕೂಲ ಆಗುತ್ತೆ ಅಂತ ಪ್ರಚಾರ ತಂಡ ಎದುರು ನೋಡ್ತಿತ್ತು ಅನ್ನೋದೂ ಸಾಬೀತಾಗಿದೆ, ಹಾಗಿದ್ದರೂ ಇಬ್ಬರ ನಡುವೆ ಒಳಸಂಚು ಇತ್ತು ಅಂತ ಸಾಬೀತಾಗಿಲ್ಲ, ಇಷ್ಟೂ ಒಂದೇ ವಾಕ್ಯ. ಬಾರ್ ಪತ್ರದಲ್ಲಿ ಕೊನೆಯ ತುಂಡು ಮಾತ್ರ ಬಂತು. ಗೋಪ್ಯ ಭಾಗಗಳ ಮೇಲೆ ಕಪ್ಪು ಪಟ್ಟಿ ಹೊಡೆದ ಪೂರ್ತಿ ವರದಿ ಜನರ ಕೈಗೆ ಸಿಕ್ಕಿದ್ದು ಏಪ್ರಿಲ್ 18ಕ್ಕೆ. ಹೆಚ್ಚೂಕಮ್ಮಿ ನಾಲ್ಕು ವಾರ ಅಮೆರಿಕನ್ನರ ಹತ್ರ ಇದ್ದಿದ್ದು ಆ ನಾಲ್ಕು ಪುಟ ಮತ್ತು ಪೂರ್ತಿ ನಿರ್ದೋಷಿಯಾಗಿ ಹೊರಬಂದೆ ಅನ್ನೋ ಟ್ರಂಪ್ ಹೇಳಿಕೆ ಅಷ್ಟೇ.

ಇದು ಆಮೇಲೆ ವಿರೋಧ ಪಕ್ಷದವರು ಹುಡುಕಿ ತೆಗೆದ ಆಕ್ಷೇಪ ಅಂದ್ಕೋಬೇಡಿ. ಮುಲ್ಲರ್ ಅವರೇ ಮಾರ್ಚ್ 27ಕ್ಕೆ ಬಾರ್‌ಗೆ ಪತ್ರ ಬರೆದು, ನಿಮ್ಮ ಪತ್ರದಲ್ಲಿ ನಮ್ಮ ಕೆಲಸದ ಸಂದರ್ಭ, ಸ್ವರೂಪ, ತಿರುಳು ಪೂರ್ತಿಯಾಗಿ ಬಂದಿಲ್ಲ, ಜನರಲ್ಲಿ ಗೊಂದಲ ಆಗ್ತಿದೆ ಅಂತ ಹೇಳಿದ್ರು. 2020ರಲ್ಲಿ ಫೆಡರಲ್ ಜಡ್ಜ್ ರೆಜ್ಜಿ ವಾಲ್ಟನ್ ಕೂಡ ಬಾರ್ ವರದಿಯನ್ನ ಬಣ್ಣಿಸಿದ ರೀತಿ ವರದಿಗೆ ಹೊಂದಲ್ಲ ಅಂತ ತಮ್ಮ ಆದೇಶದಲ್ಲೇ ಬರೆದ್ರು. ವಾಲ್ಟನ್ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ನೇಮಿಸಿದ ಜಡ್ಜ್. ಮುಲ್ಲರ್ ಸಹ ರಿಪಬ್ಲಿಕನ್ನೇ, 2001ರಿಂದ 2013ರವರೆಗೆ ಎಫ್‌ಬಿಐ ಮುಖ್ಯಸ್ಥರಾಗಿದ್ದವರು. ಅವರನ್ನ ಈ ತನಿಖೆಗೆ ನೇಮಿಸಿದ ರಾಡ್ ರೋಸೆನ್‌ಸ್ಟೈನ್ ಟ್ರಂಪ್ ಸರ್ಕಾರದ್ದೇ ಡೆಪ್ಯುಟಿ ಅಟಾರ್ನಿ ಜನರಲ್. ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಇಡೀ ತನಿಖೆ ಡೆಮಾಕ್ರಟರ ಆಟ ಅನ್ನೋ ವಾದ ಇಲ್ಲಿಗೇ ಬಿದ್ದುಹೋಗುತ್ತೆ.

ಈಗ ವಿಷಯಕ್ಕೆ ಬರೋಣ. ಜನ ಇದನ್ನ ಒಂದೇ ಪ್ರಶ್ನೆ ಅನ್ನೋ ಥರ ಮಾತಾಡ್ತಾರೆ, ಟ್ರಂಪ್ ತಪ್ಪಿತಸ್ಥರಾ ಅಲ್ವಾ ಅಂತ. ಇದರೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ, ರಷ್ಯಾ ಕೈಯಾಡಿಸ್ತಾ, ಟ್ರಂಪ್ ತಂಡ ಅದರ ಜೊತೆ ಸೇರಿತ್ತಾ, ಟ್ರಂಪ್ ತನಿಖೆಗೆ ಅಡ್ಡಿ ಮಾಡಿದ್ರಾ, ಎಫ್‌ಬಿಐ ನಿಯಮದ ಪ್ರಕಾರ ನಡೆದುಕೊಂಡ್ತಾ. ಒಂದಕ್ಕೆ ಸಿಕ್ಕ ಉತ್ತರವನ್ನ ತಗೊಂಡು ಇನ್ನೊಂದಕ್ಕೆ ಅಂಟಿಸೋದೇ ಎರಡೂ ಕಡೆಯವರು ಇಷ್ಟು ವರ್ಷದಿಂದ ಮಾಡ್ತಿರೋದು, ಟಿವಿ ಚರ್ಚೆಗಳು ನಡೀತಿರೋದೂ ಅದರ ಮೇಲೇನೇ.

ಮೊದಲನೇದರ ಬಗ್ಗೆ ಅನುಮಾನಕ್ಕೆ ಜಾಗ ಇಲ್ಲ. ರಷ್ಯಾ ಕೈಯಾಡಿಸಿತ್ತು, ಎರಡು ದಾರಿಯಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಅನ್ನೋ ಸಂಸ್ಥೆಯ ನೌಕರರು ಅಮೆರಿಕನ್ನರ ವೇಷ ಹಾಕ್ಕೊಂಡು ಫೇಸ್‌ಬುಕ್, ಟ್ವಿಟ್ಟರ್, ಇನ್‌ಸ್ಟಾಗ್ರಾಂನಲ್ಲಿ ಪೇಜುಗಳನ್ನ ನಡೆಸಿದ್ರು, ಅಮೆರಿಕದ ಊರುಗಳಲ್ಲಿ ರ‍್ಯಾಲಿಗಳನ್ನೂ ದೂರದಿಂದಲೇ ಏರ್ಪಾಡು ಮಾಡಿದ್ರು. ಅವರ ಪೋಸ್ಟ್‌ಗಳು 12.6 ಕೋಟಿ ಜನರಿಗೆ ತಲುಪಿರಬಹುದು ಅಂತ ಫೇಸ್‌ಬುಕ್ ಅಂದಾಜು ಮಾಡಿತ್ತು. ಇದಕ್ಕೆ ದುಡ್ಡು ಹಾಕಿದ್ದು ಪುಟಿನ್‌ಗೆ ಹತ್ತಿರದವರಾಗಿದ್ದ ಯೆವ್ಗೆನಿ ಪ್ರಿಗೋಜಿನ್, ಆಮೇಲೆ ವ್ಯಾಗ್ನರ್ ಪಡೆಯ ಮುಖ್ಯಸ್ಥ ಅಂತ ಎಲ್ಲರಿಗೂ ಗೊತ್ತಾದವರು. ವರ್ಷಗಟ್ಟಲೆ ಇಲ್ಲ ಇಲ್ಲ ಅಂತಿದ್ದ ಅವರು 2022ರ ನವೆಂಬರ್‌ನಲ್ಲಿ ಹೌದು, ಅಮೆರಿಕದ ಚುನಾವಣೆಗಳಲ್ಲಿ ಕೈಯಾಡಿಸಿದ್ದೀವಿ, ಮುಂದೆಯೂ ಮಾಡ್ತೀವಿ ಅಂತ ತಾವೇ ಬಹಿರಂಗವಾಗಿ ಒಪ್ಕೊಂಡ್ರು.

ಎರಡನೇ ದಾರಿ ಹ್ಯಾಕಿಂಗ್. ರಷ್ಯಾದ ಮಿಲಿಟರಿ ಗುಪ್ತಚರ ಸಂಸ್ಥೆ ಜಿಆರ್‌ಯು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿ ಮತ್ತು ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಇಮೇಲ್‌ಗಳನ್ನ ಕದ್ದು ಹೊರಗೆ ಬಿಡ್ತು, 2016ರ ಜುಲೈ 22ಕ್ಕೆ ಒಂದು ಕಂತು, ಅಕ್ಟೋಬರ್ 7ರಿಂದ ಇನ್ನೊಂದು, ಎರಡೂ ವಿಕಿಲೀಕ್ಸ್ ಮೂಲಕ. 2018ರ ಜುಲೈನಲ್ಲಿ ಮುಲ್ಲರ್ ತಂಡ 12 ಜಿಆರ್‌ಯು ಅಧಿಕಾರಿಗಳ ಮೇಲೆ ಚಾರ್ಜ್ ಹಾಕಿದಾಗ ಯಾವ ಘಟಕ, ಯಾವ ಅಧಿಕಾರಿ, ಯಾವ ಅಕೌಂಟಿಂದ ಏನು ಕಳಿಸಿದ ಅನ್ನೋವರೆಗೂ ವಿವರ ಇತ್ತು. ಮೂರೇ ದಿನದ ನಂತರ ಹೆಲ್ಸಿಂಕಿಯಲ್ಲಿ ಟ್ರಂಪ್ ಪುಟಿನ್ ಪಕ್ಕ ನಿಂತು, ಪುಟಿನ್ ಬಲವಾಗಿ ನಿರಾಕರಿಸ್ತಿದ್ದಾರೆ ಅಂದಿದ್ದನ್ನ ಸ್ವಂತ ಪಕ್ಷದವರೇ ಎಷ್ಟೋ ಜನ ಖಂಡಿಸಿದ್ರು.

ಆದರೆ ಇಲ್ಲೇ ವಿರೋಧಿಗಳಿಗೂ ಒಂದು ಮಾತು ಹೇಳಬೇಕು. ರಷ್ಯಾ ಮತ ಎಣಿಕೆ ಬದಲಾಯಿಸ್ತು ಅನ್ನೋದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಇಲಿನಾಯ್ ರಾಜ್ಯದ ಮತದಾರರ ಮಾಹಿತಿ ಕದ್ದಿದ್ದು ನಿಜ, ಮತ ಮುಟ್ಟಿಲ್ಲ. ರಷ್ಯಾದ ಪೋಸ್ಟ್ ನೋಡಿ ಜನ ಮನಸ್ಸು ಬದಲಾಯಿಸಿದ್ರು ಅನ್ನೋದನ್ನೂ ಯಾರೂ ತೋರಿಸಿಲ್ಲ, ಟ್ವಿಟ್ಟರ್ ಬಗ್ಗೆ 2023ರಲ್ಲಿ ಬಂದ ಒಂದು ಅಧ್ಯಯನದಲ್ಲಂತೂ ಆ ಥರದ ಪರಿಣಾಮ ಕಾಣಿಸಲೇ ಇಲ್ಲ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ರಾಜ್ಯ ಸೇರಿ 78 ಸಾವಿರದಷ್ಟು ಮತದಲ್ಲಿ ಫಲಿತಾಂಶ ನಿಂತಿತ್ತಲ್ಲ, ಹಾಗಾಗಿ ರಷ್ಯಾನೇ ಗೆಲ್ಲಿಸ್ತು ಅನ್ನೋದು ತುಂಬಾ ಜನಕ್ಕೆ ಸಮಾಧಾನ ಕೊಡೋ ವಿವರಣೆ ಆಯ್ತು. ಅಷ್ಟು ಕಮ್ಮಿ ಅಂತರಕ್ಕೆ ನೂರು ಕಾರಣ ಕೊಡಬಹುದು. ಕೈಯಾಡಿಸಿದ್ರು ಅನ್ನೋದು ಸತ್ಯ, ಅದರಿಂದಲೇ ಗೆದ್ರು ಅನ್ನೋದು ಊಹೆ, ಎರಡನ್ನೂ ಒಂದೇ ಉಸಿರಲ್ಲಿ ಹೇಳಬಾರದು.

ಎರಡನೇ ಪ್ರಶ್ನೆಯಲ್ಲೇ ನಿಜವಾದ ಜಗಳ ಇರೋದು. ಸಂಪರ್ಕಗಳು ಇದ್ವು, ಬೇಕಾದಷ್ಟು ಇದ್ವು. 2016ರ ಜೂನ್ 9ಕ್ಕೆ ನ್ಯೂಯಾರ್ಕ್‌ನ ಟ್ರಂಪ್ ಟವರ್‌ನಲ್ಲಿ ಒಂದು ಮೀಟಿಂಗ್ ಆಯ್ತು. ಕ್ಲಿಂಟನ್‌ಗೆ ಡ್ಯಾಮೇಜ್ ಮಾಡೋ ದಾಖಲೆ ಇದೆ, ಇದು ರಷ್ಯಾ ಸರ್ಕಾರ ನಿಮ್ಮ ತಂದೆಗೆ ಕೊಡ್ತಿರೋ ಬೆಂಬಲದ ಭಾಗ ಅಂತ ಇಮೇಲ್ ಬಂದಾಗ, ಡೊನಾಲ್ಡ್ ಟ್ರಂಪ್ ಜೂನಿಯರ್ ಎಫ್‌ಬಿಐಗೆ ಫೋನ್ ಮಾಡಲಿಲ್ಲ, ಖುಷಿಯಿಂದ ಒಪ್ಪಿ ಟ್ರಂಪ್ ಅಳಿಯ ಜ್ಯಾರೆಡ್ ಕುಷ್ನರ್ ಮತ್ತು ಪ್ರಚಾರದ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಇಬ್ಬರನ್ನೂ ಕರ್ಕೊಂಡು ರಷ್ಯಾದ ವಕೀಲೆಯ ಜೊತೆ ಕೂತ್ರು. ಅಲ್ಲಿ ಅವರು ಅಂದ್ಕೊಂಡಿದ್ದ ಸರಕು ಸಿಗಲಿಲ್ಲ ಅನ್ನೋದು ಬೇರೆ ವಿಷಯ. ಜುಲೈ 27ಕ್ಕೆ ಟ್ರಂಪ್ ಪತ್ರಕರ್ತರ ಮುಂದೆನೇ, ರಷ್ಯಾ ನೀವು ಕೇಳಿಸ್ಕೊಳ್ತಿದ್ರೆ ಕ್ಲಿಂಟನ್‌ರ ಕಾಣೆಯಾದ 30 ಸಾವಿರ ಇಮೇಲ್ ಹುಡುಕಿಕೊಡಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಅದಾಗಿ ಸುಮಾರು ಐದು ಗಂಟೆಯೊಳಗೆ ಜಿಆರ್‌ಯು ಮೊದಲ ಸಲ ಕ್ಲಿಂಟನ್ ಅವರ ಖಾಸಗಿ ಕಚೇರಿಯ ಅಕೌಂಟ್‌ಗಳ ಮೇಲೆ ಕೈ ಇಡ್ತು. ಮಾಸ್ಕೋದಲ್ಲಿ ಟ್ರಂಪ್ ಹೆಸರಿನ ಟವರ್ ಕಟ್ಟೋ ಮಾತುಕತೆ 2016ರ ಜನವರಿಗೇ ಮುಗಿದಿತ್ತು ಅಂತ ಅವರ ವಕೀಲ ಮೈಕಲ್ ಕೋಹೆನ್ ಸಂಸತ್ತಿಗೆ ಹೇಳಿದ್ದು ಸುಳ್ಳು, ಅದು ಜೂನ್‌ವರೆಗೂ ನಡೆದಿತ್ತು.

ಇವೆಲ್ಲದರಲ್ಲಿ ನನಗೆ ಅತಿ ಗಂಭೀರ ಅನ್ಸೋದು ಮ್ಯಾನಫೋರ್ಟ್ ವಿಷಯ. ಅವರು ಪ್ರಚಾರ ತಂಡದ ಒಳಗಿನ ಪೋಲಿಂಗ್ ಡೇಟಾವನ್ನ, ಅಂದ್ರೆ ಮತದಾರರ ಸಮೀಕ್ಷೆಯ ಅಂಕಿಅಂಶವನ್ನ, ಕಾನ್‌ಸ್ಟಾಂಟಿನ್ ಕಿಲಿಮ್ನಿಕ್ ಅನ್ನೋರಿಗೆ ಕೊಡ್ತಿದ್ರು. ಈ ಕಿಲಿಮ್ನಿಕ್ ಯಾರು? 2020ರ ಆಗಸ್ಟ್‌ನಲ್ಲಿ ಬಂದ ಸೆನೆಟ್ ಗುಪ್ತಚರ ಸಮಿತಿಯ ವರದಿಯ ಐದನೇ ಸಂಪುಟ ಅವರನ್ನ ನೇರವಾಗಿ ರಷ್ಯಾದ ಗುಪ್ತಚರ ಅಧಿಕಾರಿ ಅಂತ ಕರೀತು, ಮ್ಯಾನಫೋರ್ಟ್ ಆ ಹುದ್ದೆಯಲ್ಲಿದ್ದಿದ್ದು ದೇಶದ ಭದ್ರತೆಗೆ ದೊಡ್ಡ ಅಪಾಯ ಆಗಿತ್ತು ಅಂತಲೂ ಹೇಳ್ತು. ಆಗ ಸೆನೆಟ್ ಇದ್ದಿದ್ದು ರಿಪಬ್ಲಿಕನ್ನರ ಕೈಲಿ, ಸಮಿತಿಯ ಹಂಗಾಮಿ ಅಧ್ಯಕ್ಷರು ಮಾರ್ಕೊ ರೂಬಿಯೋ, ಅಂದ್ರೆ ಆಮೇಲೆ ಟ್ರಂಪ್ ಸರ್ಕಾರದಲ್ಲೇ ವಿದೇಶಾಂಗ ಮಂತ್ರಿಯಾದವರು.

ಹಾಗಾದ್ರೆ ಒಳಸಂಚಿನ ಕೇಸ್ ಯಾಕೆ ಆಗಲಿಲ್ಲ? ಕ್ರಿಮಿನಲ್ ಒಳಸಂಚು ಅಂದ್ರೆ ಇಬ್ಬರ ನಡುವೆ ಒಂದು ಒಪ್ಪಂದ ಆಗಿರಬೇಕು, ಬಾಯಿಮಾತಿನದೋ ಸನ್ನೆಯದೋ ಏನೋ ಒಂದು, ಅದನ್ನ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ತೋರಿಸಬೇಕು. ಒಬ್ಬ ಕಳ್ಳತನ ಮಾಡ್ತಿದ್ದಾನೆ, ಇನ್ನೊಬ್ಬ ಅದನ್ನ ನೋಡಿ ಖುಷಿಪಟ್ಟು ಲಾಭ ತಗೋತಿದ್ದಾನೆ, ಇಷ್ಟೇ ಆದ್ರೆ ಒಪ್ಪಂದ ಆಗಲ್ಲ. ಮುಲ್ಲರ್‌ಗೆ ಆ ಒಪ್ಪಂದ ಸಿಗಲಿಲ್ಲ. ಸುಮಾರು 500 ಸಾಕ್ಷಿಗಳು, 2,800ಕ್ಕೂ ಹೆಚ್ಚು ಸಮನ್ಸ್, ಹತ್ರಹತ್ರ 500 ಸರ್ಚ್ ವಾರಂಟ್ ಆದ್ಮೇಲೂ ಸಿಗಲಿಲ್ಲ. ಒಟ್ಟು 34 ಜನ, 3 ಕಂಪನಿಗಳ ಮೇಲೆ ಚಾರ್ಜ್ ಬಿದ್ದಿದ್ದು ನಿಜ, ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯನ್ನರು. ಟ್ರಂಪ್ ಕಡೆಯವರಿಗೆ ಶಿಕ್ಷೆ ಆಗಿದ್ದು ಬೇರೆ ಅಪರಾಧಗಳಿಗೆ, ಮ್ಯಾನಫೋರ್ಟ್‌ಗೆ ಮುಖ್ಯವಾಗಿ ತೆರಿಗೆ ಮತ್ತು ಬ್ಯಾಂಕ್ ವಂಚನೆ, ಟ್ರಂಪ್‌ರ ಮೊದಲ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕಲ್ ಫ್ಲಿನ್, ಪ್ರಚಾರದ ವಿದೇಶಾಂಗ ಸಲಹೆಗಾರ ಜಾರ್ಜ್ ಪಾಪಡಾಪೌಲಸ್, ಕೋಹೆನ್ ಸುಳ್ಳು ಹೇಳಿದ್ದಕ್ಕೆ ತಪ್ಪೊಪ್ಪಿಕೊಂಡಿದ್ದು, ಟ್ರಂಪ್‌ರ ಹಳೇ ಸಲಹೆಗಾರ ರೋಜರ್ ಸ್ಟೋನ್ ಸಂಸತ್ತಿಗೆ ಸುಳ್ಳು ಹೇಳಿ ಸಾಕ್ಷಿಯನ್ನ ಬೆದರಿಸಿದ್ದು. ರಷ್ಯಾದ ಹಸ್ತಕ್ಷೇಪಕ್ಕೆ ಕೈಜೋಡಿಸಿದ್ರು ಅನ್ನೋ ಚಾರ್ಜ್ ಟ್ರಂಪ್ ತಂಡದ ಒಬ್ಬ ಅಮೆರಿಕನ್ ಮೇಲೂ ಬೀಳಲಿಲ್ಲ. ಸಾಬೀತಾಗಿತ್ತು, ಮುಚ್ಚಿಹಾಕಿದ್ರು ಅನ್ನೋರು ಈ ಸಂಗತಿಯನ್ನ ಎದುರಿಸಲೇಬೇಕು, ತಪ್ಪಿಸ್ಕೊಂಡು ಹೋಗೋ ಹಾಗಿಲ್ಲ.

ಇನ್ನೊಂದು ಕಡೆಯವರು ಎದುರಿಸಬೇಕಾದ್ದೂ ಇದೆ. ಸಾಬೀತಾಗಿಲ್ಲ ಅಂದ ಮಾತ್ರಕ್ಕೆ ಪುರಾವೆನೇ ಇರಲಿಲ್ಲ ಅಂತ ಅರ್ಥ ಅಲ್ಲ ಅಂತ ವರದಿಯ ಶುರುವಿನಲ್ಲೇ ಬರೆದಿದೆ. ಕೆಲವರು ಸುಳ್ಳು ಹೇಳಿದ್ರು, ಕೆಲವರು ಮೆಸೇಜ್ ಡಿಲೀಟ್ ಮಾಡಿದ್ರು, ಆ ಕಾರಣಕ್ಕೆ ಚಿತ್ರ ಪೂರ್ತಿಯಾಗಿಲ್ಲದೆ ಇರಬಹುದು ಅಂತಲೂ ಇದೆ. ಟ್ರಂಪ್ ಖುದ್ದು ವಿಚಾರಣೆಗೆ ಕೂರಲೇ ಇಲ್ಲ, ಬರವಣಿಗೆಯಲ್ಲಿ ಉತ್ತರ ಕೊಟ್ರು, ಅದರಲ್ಲಿ 30ಕ್ಕೂ ಹೆಚ್ಚು ಕಡೆ ನೆನಪಿಲ್ಲ ಅಂದ್ರು. ಆಮೇಲೆ ಮ್ಯಾನಫೋರ್ಟ್, ಫ್ಲಿನ್, ಸ್ಟೋನ್, ಪಾಪಡಾಪೌಲಸ್ ಎಲ್ಲರಿಗೂ 2020ರ ಕೊನೆಯಲ್ಲಿ ಅವರೇ ಕ್ಷಮಾದಾನ ಕೊಟ್ರು. ಮೇಲೆ ಹೇಳಿದವರಲ್ಲಿ ಕ್ಷಮಾದಾನ ಸಿಗದೆ ಇದ್ದಿದ್ದು ಕೋಹೆನ್‌ಗೆ ಒಬ್ಬರಿಗೇ, ಅವರು ಅಷ್ಟೊತ್ತಿಗೆ ಟ್ರಂಪ್ ವಿರುದ್ಧ ಸಾಕ್ಷಿ ಹೇಳಿದ್ರು.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ ನೋಡಿ: ಆ ಸೆನೆಟ್ ಸಮಿತಿಯ ಐದನೇ ಸಂಪುಟಕ್ಕೆ ಎರಡೂ ಪಕ್ಷದವರು ಸೇರಿ ಕೆಲಸ ಮಾಡಿದ್ರು, ಸಾವಿರ ಪುಟದ ಹತ್ರ ಇದೆ, ಸಂಗತಿಗಳ ಬಗ್ಗೆ ತಕರಾರಿಲ್ಲ. ಆದರೆ ಕೊನೆಯಲ್ಲಿ ರಿಪಬ್ಲಿಕನ್ ಸದಸ್ಯರು ಟ್ರಂಪ್ ತಂಡ ರಷ್ಯಾ ಜೊತೆ ಸೇರಿರಲಿಲ್ಲ ಅನ್ನೋದು ಇದರಿಂದ ಸ್ಪಷ್ಟ ಅಂತ ಒಂದು ಟಿಪ್ಪಣಿ ಸೇರಿಸಿದ್ರು, ಡೆಮಾಕ್ರಟ್ ಸದಸ್ಯರು ಸೇರಿದ್ದರು ಅನ್ನೋದು ಇದರಿಂದ ಸ್ಪಷ್ಟ ಅಂತ ಇನ್ನೊಂದು ಟಿಪ್ಪಣಿ ಸೇರಿಸಿದ್ರು. ಮ್ಯಾನಫೋರ್ಟ್ ಡೇಟಾ ಕೊಟ್ಟಿದ್ದು ಇಬ್ಬರಿಗೂ ಗೊತ್ತು, ಅದನ್ನ ಯಾವ ಹೆಸರಿಂದ ಕರೀಬೇಕು ಅನ್ನೋದರಲ್ಲೇ ಪಕ್ಷ ಬಂತು. ಹಾಗಾಗಿ ಯಾರಾದ್ರೂ ನಿಮ್ಮ ಜೊತೆ ಇದರ ಬಗ್ಗೆ ವಾದಕ್ಕೆ ಬಂದ್ರೆ ಹೆಸರು ಬಿಟ್ಟು ಘಟನೆ ಕೇಳಿ, ಕಿಲಿಮ್ನಿಕ್‌ಗೆ ಡೇಟಾ ಹೋಯ್ತಾ ಇಲ್ವಾ, ಜೂನ್ 9ರ ಮೀಟಿಂಗ್ ಆಯ್ತಾ ಇಲ್ವಾ ಅಂತ. ಉತ್ತರ ಬೇಗ ಗೊತ್ತಾಗುತ್ತೆ, ಎದುರಿಗಿರೋರು ಎಷ್ಟು ಓದಿದ್ದಾರೆ ಅನ್ನೋದೂ ಗೊತ್ತಾಗುತ್ತೆ.

ಮೂರನೇದು, ತನಿಖೆಗೆ ಅಡ್ಡಿ. ವರದಿಯ ಎರಡನೇ ಸಂಪುಟ ಪೂರ್ತಿ ಇದೇ. 2017ರ ಮೇ 9ಕ್ಕೆ ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿಯನ್ನ ಟ್ರಂಪ್ ಕೆಲಸದಿಂದ ತೆಗೆದ್ರು, ಅದರಿಂದಲೇ ಮೇ 17ಕ್ಕೆ ಮುಲ್ಲರ್ ನೇಮಕ ಆಗಿದ್ದು. ಒಂದು ತಿಂಗಳಾದ್ಮೇಲೆ, ಜೂನ್ 17ಕ್ಕೆ, ಟ್ರಂಪ್ ವೈಟ್ ಹೌಸ್ ವಕೀಲ ಡಾನ್ ಮೆಗ್ಯಾನ್‌ಗೆ ಮನೆಗೆ ಫೋನ್ ಮಾಡಿ ಮುಲ್ಲರ್‌ನ ತೆಗೆಸು ಅಂದ್ರು. ಮೆಗ್ಯಾನ್ ಮಾಡಲಿಲ್ಲ, ರಾಜೀನಾಮೆಗೆ ತಯಾರಾದ್ರು. ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಹಾಗೇನೂ ಹೇಳಿರಲಿಲ್ಲ ಅಂತ ದಾಖಲೆ ಬರೆದಿಡು ಅಂತ ಟ್ರಂಪ್ ಒತ್ತಾಯ ಮಾಡಿದ್ರು, ಅದಕ್ಕೂ ಮೆಗ್ಯಾನ್ ಒಪ್ಪಲಿಲ್ಲ. ಇಂಥ ಹತ್ತು ಪ್ರಸಂಗಗಳನ್ನ ಮುಲ್ಲರ್ ಒಂದೊಂದಾಗಿ ಬಿಡಿಸಿ ನೋಡಿದ್ದಾರೆ.

ನೋಡಿ, ಆಮೇಲೆ ತೀರ್ಮಾನ ಹೇಳಲಿಲ್ಲ. ಅಧಿಕಾರದಲ್ಲಿರೋ ಅಧ್ಯಕ್ಷರ ಮೇಲೆ ಚಾರ್ಜ್ ಹಾಕಬಾರದು ಅಂತ ನ್ಯಾಯ ಇಲಾಖೆಯ 1973ರ ಮತ್ತು 2000ದ ಅಭಿಪ್ರಾಯಗಳಿವೆ. ಚಾರ್ಜೇ ಹಾಕೋ ಹಾಗಿಲ್ಲ ಅಂದ್ಮೇಲೆ ತಪ್ಪಿತಸ್ಥ ಅಂತ ವರದಿಯಲ್ಲಿ ಬರೆದುಬಿಟ್ರೆ ಅವರಿಗೆ ಕೋರ್ಟಿನಲ್ಲಿ ಹೆಸರು ತೊಳ್ಕೊಳ್ಳೋ ಅವಕಾಶ ಇರಲ್ಲ, ಅದು ಅನ್ಯಾಯ ಅನ್ನೋದು ಮುಲ್ಲರ್ ತರ್ಕ. ಅದೇ ಸಮಯಕ್ಕೆ, ಅಧ್ಯಕ್ಷರು ಅಡ್ಡಿ ಮಾಡಿಲ್ಲ ಅಂತ ಖಚಿತವಾಗಿದ್ರೆ ಹೇಳ್ತಿದ್ವಿ, ಹಾಗೆ ಹೇಳೋಕೆ ಆಗ್ತಿಲ್ಲ ಅಂತಲೂ ಬರೆದ್ರು. ಅಪರಾಧ ಮಾಡಿದ್ದಾರೆ ಅಂತ ಈ ವರದಿ ಹೇಳಲ್ಲ, ನಿರ್ದೋಷಿ ಅಂತಲೂ ಮಾಡಲ್ಲ, ಇದು ಅವರ ಮಾತಿನ ಸಾರ. ಹಾಗಾಗಿ ಕ್ಲೀನ್ ಚಿಟ್ ಅನ್ನೋದು ವರದಿಯ ಪ್ರಕಾರವೇ ತಪ್ಪು.

ಈ ವಿಷಯದಲ್ಲಿ ಟ್ರಂಪ್ ಕಡೆಯ ವಕೀಲರ ಒಂದು ಆಕ್ಷೇಪವನ್ನ ನಾನು ಗೌರವದಿಂದ ನೋಡ್ತೀನಿ. ಪ್ರಾಸಿಕ್ಯೂಟರ್ ಕೆಲಸ ಚಾರ್ಜ್ ಹಾಕೋದು ಇಲ್ಲ ಬಿಡೋದು, ಯಾರನ್ನೂ ನಿರ್ದೋಷಿ ಅಂತ ಸರ್ಟಿಫಿಕೇಟ್ ಕೊಡೋದೂ ಅವನ ಕೆಲಸ ಅಲ್ಲ, ಕೊಡೋಕಾಗಲ್ಲ ಅಂತ ಬರೆದು ನೇತಾಡಿಸೋದೂ ಅಲ್ಲ ಅಂತ ಅವರು ಹೇಳ್ತಾರೆ. ಇದು ನ್ಯಾಯವಾದ ಮಾತೇ. ಮುಲ್ಲರ್ ಅಷ್ಟು ಎಚ್ಚರಿಕೆಯಿಂದ ತೀರ್ಮಾನ ಬಿಟ್ಟಿದ್ದರ ಫಲ ಏನಾಯ್ತು ಅಂದ್ರೆ ಆ ಖಾಲಿ ಜಾಗವನ್ನ ರಾಜಕೀಯದವರು ತುಂಬಿದ್ರು. ಬಾರ್ ಎರಡೇ ದಿನದಲ್ಲಿ ಸಾಕಷ್ಟು ಪುರಾವೆ ಇಲ್ಲ ಅಂತ ತಾವೇ ತೀರ್ಪು ಕೊಟ್ರು, ಅಟಾರ್ನಿ ಜನರಲ್ ಆಗೋಕೆ ಮೊದಲು, 2018ರ ಜೂನ್‌ನಲ್ಲಿ, ಈ ಅಡ್ಡಿಯ ವಾದವೇ ತಪ್ಪು ಅಂತ 19 ಪುಟದ ಟಿಪ್ಪಣಿ ಬರೆದು ಇಲಾಖೆಗೆ ಕಳಿಸಿದ್ದವರು ಅವರು. ಇನ್ನೊಂದು ಕಡೆ, ಬೇರೆ ಯಾರೇ ಆಗಿದ್ರೂ ಇಷ್ಟು ಪುರಾವೆಗೆ ಚಾರ್ಜ್ ಬೀಳ್ತಿತ್ತು ಅಂತ ಎರಡೂ ಪಕ್ಷಗಳ ಕಾಲದಲ್ಲಿ ಕೆಲಸ ಮಾಡಿದ್ದ ನೂರಾರು ಮಾಜಿ ಫೆಡರಲ್ ಪ್ರಾಸಿಕ್ಯೂಟರ್‌ಗಳು ಸಹಿ ಹಾಕಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಮೆಗ್ಯಾನ್ ಪ್ರಸಂಗ ಒಂದೇ ಸಾಕಿತ್ತು, ಮುಲ್ಲರ್ ಅದನ್ನ ನೇರವಾಗಿ ಹೇಳಬೇಕಿತ್ತು.

2019ರ ಜುಲೈ 24ಕ್ಕೆ ಮುಲ್ಲರ್ ಸಂಸತ್ತಿನ ಮುಂದೆ ಬಂದಾಗ ಏನಾಯ್ತು ಅನ್ನೋದನ್ನೂ ಹೇಳಬೇಕು. ಬೆಳಿಗ್ಗೆ ಡೆಮಾಕ್ರಟ್ ಸದಸ್ಯ ಟೆಡ್ ಲ್ಯೂ, ಆ ಇಲಾಖಾ ಅಭಿಪ್ರಾಯ ಇದ್ದಿದ್ದಕ್ಕೇ ಅಲ್ವಾ ನೀವು ಚಾರ್ಜ್ ಹಾಕದೆ ಇದ್ದಿದ್ದು ಅಂತ ಕೇಳಿದ್ರು, ಮುಲ್ಲರ್ ಹೌದು ಅಂದ್ರು. ಮಧ್ಯಾಹ್ನ ಅವರೇ ಅದನ್ನ ತಿದ್ದಿ, ಅಧ್ಯಕ್ಷರು ಅಪರಾಧ ಮಾಡಿದ್ರಾ ಇಲ್ವಾ ಅನ್ನೋ ತೀರ್ಮಾನಕ್ಕೇ ನಾವು ಹೋಗಿಲ್ಲ ಅಂತ ಸ್ಪಷ್ಟ ಮಾಡಿದ್ರು. ಬೆಳಗಿನ ಕ್ಲಿಪ್ ಈಗಲೂ ಓಡಾಡ್ತಿದೆ, ಅದನ್ನ ಕಳಿಸೋರು ಮಧ್ಯಾಹ್ನದ ತಿದ್ದುಪಡಿ ಕಳಿಸಲ್ಲ. ಬಾರ್ ವಾಕ್ಯ ಕತ್ತರಿಸಿದ್ದು ತಪ್ಪು ಅನ್ನೋರು ಈ ಕ್ಲಿಪ್ ಕತ್ತರಿಸೋದೂ ತಪ್ಪು ಅಂತ ಒಪ್ಪಬೇಕಲ್ವಾ.

ನಾಲ್ಕನೇದು ಎಫ್‌ಬಿಐ. ಇಲ್ಲಿ ಟ್ರಂಪ್ ಬೆಂಬಲಿಗರ ಸಿಟ್ಟಿಗೆ ನಿಜವಾದ ಆಧಾರ ಇದೆ, ಇದನ್ನ ಒಪ್ಪದೆ ಇರೋ ಚರ್ಚೆ ಪ್ರಾಮಾಣಿಕ ಅಲ್ಲ. ನ್ಯಾಯ ಇಲಾಖೆಯ ಒಳಗಿನ ತಪ್ಪುಗಳನ್ನ ಪರಿಶೀಲಿಸೋ ಇನ್‌ಸ್ಪೆಕ್ಟರ್ ಜನರಲ್ ಮೈಕಲ್ ಹೊರೊವಿಟ್ಜ್ 2019ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಟ್ರಂಪ್ ತಂಡದಲ್ಲಿದ್ದ ಕಾರ್ಟರ್ ಪೇಜ್ ಮೇಲೆ ಗುಪ್ತ ನಿಗಾ ಇಡೋಕೆ ಎಫ್‌ಬಿಐ ಕೋರ್ಟಿಗೆ ಹಾಕಿದ ಅರ್ಜಿಗಳಲ್ಲಿ 17 ಗಂಭೀರ ತಪ್ಪುಗಳನ್ನ ಪಟ್ಟಿ ಮಾಡಿದ್ರು. ಒಬ್ಬ ಎಫ್‌ಬಿಐ ವಕೀಲ, ಕೆವಿನ್ ಕ್ಲೈನ್‌ಸ್ಮಿತ್, ಪೇಜ್ ಸಿಐಎಗೆ ಮಾಹಿತಿ ಕೊಡ್ತಿದ್ದವರು ಅನ್ನೋದನ್ನ ಮರೆಮಾಚೋ ಹಾಗೆ ಒಂದು ಇಮೇಲನ್ನೇ ತಿದ್ದಿದ್ರು, 2020ರಲ್ಲಿ ತಪ್ಪೊಪ್ಪಿಕೊಂಡ್ರು. ನಾಲ್ಕು ವಾರಂಟ್‌ಗಳಲ್ಲಿ ಎರಡು ಊರ್ಜಿತ ಅಲ್ಲ ಅಂತ ಇಲಾಖೆನೇ ಒಪ್ಕೊಳ್ತು. ಪೇಜ್ ಮೇಲೆ ಯಾವ ಚಾರ್ಜೂ ಬೀಳಲಿಲ್ಲ, ಆದರೆ ಅವರ ಹೆಸರು ವರ್ಷಗಟ್ಟಲೆ ದೇಶದ್ರೋಹಿ ಅನ್ನೋ ಥರ ಟಿವಿಯಲ್ಲಿ ಬಂತು. ಒಬ್ಬ ನಾಗರಿಕನಿಗೆ ಆದ ಈ ಅನ್ಯಾಯ ಸಣ್ಣದಲ್ಲ.

ಆ ಅರ್ಜಿಗಳಲ್ಲಿ ಬಳಸಿದ್ದು ಬ್ರಿಟಿಷ್ ಮಾಜಿ ಗೂಢಚಾರ ಕ್ರಿಸ್ಟೋಫರ್ ಸ್ಟೀಲ್ ಟ್ರಂಪ್-ರಷ್ಯಾ ನಂಟಿನ ಬಗ್ಗೆ ಬರೆದ ಟಿಪ್ಪಣಿಗಳನ್ನ. ಅದಕ್ಕೆ ದುಡ್ಡು ಹೋಗಿದ್ದು ಕ್ಲಿಂಟನ್ ಪ್ರಚಾರ ಮತ್ತು ಡೆಮಾಕ್ರಟಿಕ್ ಪಕ್ಷದಿಂದ, ಒಂದು ಲಾ ಫರ್ಮ್ ಮೂಲಕ. ಆ ಖರ್ಚನ್ನ ಸರಿಯಾಗಿ ತೋರಿಸದೆ ಇದ್ದಿದ್ದಕ್ಕೆ 2022ರಲ್ಲಿ ಚುನಾವಣಾ ಆಯೋಗ ಇಬ್ಬರಿಗೂ ಸೇರಿ 1,13,000 ಡಾಲರ್ ದಂಡ ಹಾಕ್ತು. ಸ್ಟೀಲ್ ಟಿಪ್ಪಣಿಗಳಲ್ಲಿದ್ದ ಮುಖ್ಯ ಆರೋಪಗಳು ದೃಢಪಡಲಿಲ್ಲ. ಎಷ್ಟೋ ಸುದ್ದಿವಾಹಿನಿಗಳು ಅದನ್ನ ಸತ್ಯ ಅನ್ನೋ ಹಾಗೆ ತಿಂಗಳುಗಟ್ಟಲೆ ಚರ್ಚೆ ಮಾಡಿದ್ದು ಇಡೀ ವಿಷಯಕ್ಕೆ ಆದ ದೊಡ್ಡ ಹಾನಿ, ಯಾಕಂದ್ರೆ ಆ ಟಿಪ್ಪಣಿ ಕುಸಿದು ಬಿದ್ದಾಗ ಗಟ್ಟಿಯಾಗಿದ್ದ ಸಂಗತಿಗಳನ್ನೂ ಜನ ಅದರ ಜೊತೆಗೇ ಎಸೆದ್ರು.

ಆದರೆ ಆ ಟಿಪ್ಪಣಿಯಿಂದಲೇ ತನಿಖೆ ಶುರುವಾಯ್ತು ಅನ್ನೋದು ತಪ್ಪು. ಎಫ್‌ಬಿಐ ತನಿಖೆ ಶುರುವಾಗಿದ್ದು 2016ರ ಜುಲೈ 31ಕ್ಕೆ. ರಷ್ಯಾ ಹತ್ರ ಕ್ಲಿಂಟನ್ ವಿರುದ್ಧದ ಸರಕಿದೆ ಅನ್ನೋ ಸುಳಿವನ್ನ ಪಾಪಡಾಪೌಲಸ್ ಲಂಡನ್ನಿನಲ್ಲಿ ಆಸ್ಟ್ರೇಲಿಯಾದ ರಾಜತಾಂತ್ರಿಕ ಅಲೆಕ್ಸಾಂಡರ್ ಡೌನರ್ ಮುಂದೆ ಬಿಟ್ಟಿದ್ರು, ಇಮೇಲ್‌ಗಳು ಹೊರಬಂದ ಮೇಲೆ ಆಸ್ಟ್ರೇಲಿಯಾ ಅದನ್ನ ಅಮೆರಿಕಕ್ಕೆ ತಿಳಿಸ್ತು. ಸ್ಟೀಲ್ ಟಿಪ್ಪಣಿಗಳು ತನಿಖಾ ತಂಡಕ್ಕೆ ತಲುಪಿದ್ದು ಸೆಪ್ಟೆಂಬರ್ 19ಕ್ಕೆ. ತನಿಖೆ ಶುರು ಮಾಡೋಕೆ ಕಾರಣ ಸಾಕಿತ್ತು, ರಾಜಕೀಯ ದ್ವೇಷದಿಂದ ಶುರು ಮಾಡಿದ್ರು ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಹೊರೊವಿಟ್ಜ್ ಹೇಳಿದ್ರು. ಈ ತನಿಖೆ ಹೇಗೆ ಶುರುವಾಯ್ತು ಅಂತ ಪರಿಶೀಲಿಸೋಕೆ ಬಾರ್ ನೇಮಿಸಿದ ಪ್ರಾಸಿಕ್ಯೂಟರ್ ಜಾನ್ ಡರ್ಹಮ್ 2023ರ ಮೇನಲ್ಲಿ ಇದನ್ನ ಒಪ್ಪದೆ, ಪರಿಶೀಲಿಸದ ಕಚ್ಚಾ ಮಾಹಿತಿ ಇಟ್ಕೊಂಡು ಪೂರ್ಣ ತನಿಖೆ ತೆರೆಯಬಾರದಿತ್ತು ಅಂತ ಬರೆದ್ರು. ಇದು ಇಬ್ಬರು ಅನುಭವಿಗಳ ನಡುವಿನ ಗಂಭೀರ ಭಿನ್ನಾಭಿಪ್ರಾಯ. ಆದರೆ ಡರ್ಹಮ್ ಕೋರ್ಟಿಗೆ ತಗೊಂಡು ಹೋದ ಎರಡು ಕೇಸ್, ಕ್ಲಿಂಟನ್ ಪ್ರಚಾರಕ್ಕೆ ಕೆಲಸ ಮಾಡಿದ್ದ ವಕೀಲ ಸಸ್‌ಮನ್ ಮತ್ತು ಸ್ಟೀಲ್‌ಗೆ ಮಾಹಿತಿ ಕೊಟ್ಟಿದ್ದ ಡಾನ್‌ಚೆಂಕೊ ಅವರದ್ದು, ಎರಡರಲ್ಲೂ ಜ್ಯೂರಿ ಬಿಡುಗಡೆ ಮಾಡ್ತು, ಮತ್ತೆ ರಷ್ಯಾ ಕೈಯಾಡಿಸಿಲ್ಲ ಅಂತ ಡರ್ಹಮ್ ಕೂಡ ಎಲ್ಲೂ ಹೇಳಿಲ್ಲ.

ಒಬಾಮ ಹೆಸರು ಬಂದಿದ್ದು 2025ರ ಜುಲೈನಲ್ಲಿ. ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ತುಳಸಿ ಗಬಾರ್ಡ್ ಕೆಲವು ದಾಖಲೆಗಳನ್ನ ಬಿಡುಗಡೆ ಮಾಡಿ, ಒಬಾಮ ಸರ್ಕಾರ ಗುಪ್ತಚರ ವರದಿಯನ್ನೇ ಸೃಷ್ಟಿ ಮಾಡ್ತು ಅಂತ ಆರೋಪ ಮಾಡಿದ್ರು. ಅವರು ಮುಖ್ಯವಾಗಿ ಎತ್ತಿ ತೋರಿಸಿದ್ದು, ರಷ್ಯಾ ಸೈಬರ್ ದಾಳಿಯಿಂದ ಫಲಿತಾಂಶ ಬದಲಾಯಿಸಿಲ್ಲ ಅಂತ 2016ರಲ್ಲೇ ಸಂಸ್ಥೆಗಳು ಹೇಳಿದ್ವು ಅನ್ನೋದನ್ನ. ಆದರೆ 2017ರ ಜನವರಿಯ ಗುಪ್ತಚರ ವರದಿ ಮತ ಬದಲಾಯ್ತು ಅಂತ ಹೇಳಿಯೇ ಇರಲಿಲ್ಲ, ಅದು ಹೇಳಿದ್ದು ಹ್ಯಾಕಿಂಗ್ ಮತ್ತು ಪ್ರಚಾರದ ಬಗ್ಗೆ. ಇಲ್ಲದ ಹೇಳಿಕೆಯನ್ನ ಅಲ್ಲಗಳೆದ್ರೆ ಇದ್ದ ಹೇಳಿಕೆ ಸುಳ್ಳಾಗಲ್ಲ. ಅದೇ ಸಮಯದಲ್ಲಿ ಬಂದ ಸಿಐಎಯ ಮರುಪರಿಶೀಲನೆ ಮಾತ್ರ ಗಮನ ಕೊಡಬೇಕಾದ್ದು, 2017ರ ವರದಿಯನ್ನ ಅವಸರದಲ್ಲಿ ಮಾಡಿದ್ರು, ಪುಟಿನ್‌ಗೆ ಟ್ರಂಪ್ ಗೆಲ್ಲಬೇಕು ಅನ್ನೋ ಆಸೆ ಇತ್ತು ಅನ್ನೋದನ್ನ ಅಷ್ಟು ಖಚಿತವಾಗಿ ಹೇಳಬಾರದಿತ್ತು ಅನ್ನೋ ಥರದ ಟೀಕೆಗಳು ಅದರಲ್ಲಿವೆ. ಅವು ಕೆಲಸದ ವಿಧಾನದ ಮೇಲಿನ ಟೀಕೆಗಳು, ಮೂಲ ತೀರ್ಮಾನವನ್ನ ಅದೂ ತಳ್ಳಿಹಾಕಿಲ್ಲ.

ನೀವು ಕೇಳಿದ ಕೊನೇ ಪ್ರಶ್ನೆಗೆ ಮುಂಚೆ ಒಂದು ಗೊಂದಲ ಬಿಡಿಸ್ತೀನಿ. 2019ರ ಮಹಾಭಿಯೋಗ ಉಕ್ರೇನ್ ವಿಷಯಕ್ಕೆ, 2023ರಲ್ಲಿ ಇನ್ನೊಬ್ಬ ವಿಶೇಷ ಪ್ರಾಸಿಕ್ಯೂಟರ್ ಜ್ಯಾಕ್ ಸ್ಮಿತ್ ಹಾಕಿದ ಚುನಾವಣಾ ಕೇಸ್ 2020ರ ಫಲಿತಾಂಶ ತಿರುಗಿಸೋ ಪ್ರಯತ್ನಕ್ಕೆ, ಅದು ಟ್ರಂಪ್ ಮತ್ತೆ ಗೆದ್ದ ಮೇಲೆ 2024ರ ನವೆಂಬರ್‌ನಲ್ಲಿ ಕೈಬಿಟ್ಟು ಹೋಯ್ತು. ಇವು ಯಾವುದೂ ಮುಲ್ಲರ್ ತನಿಖೆ ಅಲ್ಲ, ಎಲ್ಲವನ್ನೂ ಚುನಾವಣೆ ಕೇಸ್ ಅಂತ ಒಂದೇ ಹೆಸರಲ್ಲಿ ಕರೆಯೋದ್ರಿಂದ ಕಲಸಿಹೋಗುತ್ತೆ.

ಮುಲ್ಲರ್ ತನಿಖೆಯ ವಿಷಯದಲ್ಲಿ ಟ್ರಂಪ್ ಮೇಲೆ ಇನ್ನು ಕೇಸ್ ಆಗಲ್ಲ. ಈ ಥರದ ಫೆಡರಲ್ ಅಪರಾಧಗಳಿಗೆ ಸಾಮಾನ್ಯವಾಗಿ ಐದು ವರ್ಷದ ಕಾಲಮಿತಿ, ಅಡ್ಡಿ ಮಾಡಿದ್ರು ಅನ್ನೋ ಪ್ರಸಂಗಗಳು ನಡೆದಿದ್ದು ಹೆಚ್ಚಾಗಿ 2017 ಮತ್ತು 2018ರಲ್ಲಿ, ಆ ಅವಧಿ ಯಾವತ್ತೋ ಮುಗೀತು. 2021ರ ಜನವರಿಯಲ್ಲಿ ಅವರು ಅಧಿಕಾರದಿಂದ ಇಳಿದ ಮೇಲೆ ಒಂದಿಷ್ಟು ಕಾಲ ಅವಕಾಶ ಇತ್ತು, ಬೈಡನ್ ಕಾಲದ ನ್ಯಾಯ ಇಲಾಖೆ ಅದನ್ನ ಕೈಗೆತ್ತಿಕೊಳ್ಳಲಿಲ್ಲ. ಅದರ ಮೇಲೆ 2024ರ ಜುಲೈ 1ಕ್ಕೆ ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಅಧ್ಯಕ್ಷರ ಅಧಿಕೃತ ಕೆಲಸಗಳಿಗೆ ಕ್ರಿಮಿನಲ್ ಕೇಸಿನಿಂದ ರಕ್ಷಣೆ ಇದೆ ಅಂದುಬಿಡ್ತು, ನ್ಯಾಯ ಇಲಾಖೆಯವರ ಜೊತೆ ತನಿಖೆ ಬಗ್ಗೆ ಅಧ್ಯಕ್ಷರು ಮಾತಾಡೋದಕ್ಕಂತೂ ಪೂರ್ಣ ರಕ್ಷಣೆ. ಕೋಮಿಯನ್ನ ತೆಗೆದಿದ್ದು, ಮುಲ್ಲರ್‌ನ ತೆಗೆಸೋಕೆ ನೋಡಿದ್ದು, ಇವು ಈಗಿನ ಕಾನೂನಿನ ಕೆಳಗೆ ಕೋರ್ಟಿಗೆ ಹೋಗೋದೇ ಕಷ್ಟ. ಸುಳ್ಳು ದಾಖಲೆ ಬರೆದಿಡು ಅಂತ ಮೆಗ್ಯಾನ್ ಮೇಲೆ ಒತ್ತಡ ಹಾಕಿದ್ದು ಅಧಿಕೃತ ಕೆಲಸ ಆಗುತ್ತಾ ಅಂತ ವಾದ ಮಾಡಬಹುದಿತ್ತೇನೋ, ಆದರೆ ಅದರ ಕಾಲಮಿತಿಯೂ 2023ಕ್ಕೇ ಮುಗಿದುಹೋಗಿದೆ.